ಗುಮ್ಮಟ ನೋಡಲು ಎರಡು ಸಲ ಹೋದೆವು

ವಿಶ್ರಾಮಬಾಗದಿಂದ ವಿಜಯಪುರ ದೂರವೇನಲ್ಲ. ಮಿರಜ ದಾಟಿ ಅಥಣಿಯ ಹಾದಿ ಹಿಡಿದರೆ ಮೂರು, ಮೂರೂವರೆ ತಾಸು. ರೈಲನ್ನು ನಂಬಿದರೆ ಸೊಲ್ಲಾಪುರ ಸುತ್ತಿ ಬರಬೇಕು. ಇಷ್ಟು ಹತ್ತಿರ ಇದೆಯೆಂದೋ ಏನೋ, ನಮ್ಮ ಕಡೆಯ ಎಷ್ಟೋ ಕುಟುಂಬಗಳು ದಿಲ್ಲಿ, ಆಗ್ರಾ ನೋಡಿಬಂದಿವೆ, ವಿಜಯಪುರ ನೋಡಿಲ್ಲ. ನಮ್ಮದೂ ಅದೇ ಕಥೆ.

ನಮ್ಮ ಅತ್ತೆಯ ತವರು ವಿಜಯಪುರ ಜಿಲ್ಲೆಯ ಒಂದು ಹಳ್ಳಿ. ಚಿಕ್ಕವರಿದ್ದಾಗ ಸಂತೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಗೋಳಗುಮ್ಮಟ ಕಂಡದ್ದಷ್ಟೇ, ಒಳಗೆ ಕಾಲಿಟ್ಟಿರಲಿಲ್ಲ. ಈಗ ಅವರಿಗೆ ಎಪ್ಪತ್ತನಾಲ್ಕು ವರ್ಷ. ಮೊಣಕಾಲು ನೋವು, ಬಿ.ಪಿ. ಗುಳಿಗೆ. "ಒಮ್ಮೆ ತೋರಸ್ರೆವ್ವಾ, ಮುಂದ ಯಾರು ಕಂಡಾರ" ಎಂದು ಅವರು ಕೇಳಿದ ಮೇಲೆ ಸುಮ್ಮನಿರುವುದು ಹೇಗೆ?

ಮೊದಲ ಸಲ ಹೋದದ್ದು ಮೇ ತಿಂಗಳಲ್ಲಿ. ಮಕ್ಕಳಿಗೆ ರಜೆ, ಯಜಮಾನರಿಗೂ ಎರಡು ದಿನ ಬಿಡುವು. ಅವರು ಒಂದೇ ದಿನಕ್ಕೆ ಎಂಟು ಸ್ಥಳಗಳ ಪಟ್ಟಿ ಮಾಡಿದ್ದರು. ನಾನೂ ತಲೆಯಾಡಿಸಿದೆ. ಆ ಊರಿನಲ್ಲಿ ಮೇ ತಿಂಗಳೆಂದರೆ ನಲವತ್ತು ಡಿಗ್ರಿ ದಾಟುವ ಬಿಸಿಲು. ಕಪ್ಪು ಕಲ್ಲಿನ ಅಂಗಳಗಳು ಕಾದ ಹಂಚಿನಂತೆ. ಮೂರನೆಯ ಸ್ಥಳ ಬಾರಾ ಕಮಾನಿನ ಹತ್ತಿರ ಅತ್ತೆ ಕುಸಿದು ಕುಳಿತರು. ಮುಖ ಬೆಳ್ಳಗಾಗಿತ್ತು. ಪಕ್ಕದಲ್ಲಿ ಶರಬತ್ತು ಮಾರುವ ಹುಡುಗ ತನ್ನ ಕೊಡೆಯನ್ನೇ ಕಿತ್ತು ತಂದು ಹಿಡಿದ, ತಲೆಗೆ ನೀರು ಹಾಕಿದ. ಡಾಕ್ಟರು ನೋಡಿ ಉಪ್ಪು ಸಕ್ಕರೆ ನೀರು ಕುಡಿಸಿ ಸಂಜೆ ಕಳಿಸಿಕೊಟ್ಟರು. ಗುಮ್ಮಟ ನೋಡುವುದು ಉಳಿದೇಹೋಯಿತು. ಮರಳಿ ಬರುವಾಗ ದಾರಿಯುದ್ದಕ್ಕೂ ಯಾರೂ ಮಾತನಾಡಲಿಲ್ಲ. ಅತ್ತೆಯೇ ಕೊನೆಗೆ, "ನನ್ನ ದೆಸೆಯಿಂದ ಎಲ್ಲಾರ ಸೂಟಿ ಕೆಟ್ಟಿತು" ಎಂದರು. ಆ ಮಾತು ನನ್ನನ್ನು ಬಹಳ ದಿನ ಚುಚ್ಚಿತು.

ಎರಡನೆಯ ಸಲ ಲೆಕ್ಕ ಹಾಕಿ ಹೊರಟೆವು. ಕ್ರಿಸ್ಮಸ್ ಕಳೆದ ಮರುದಿನ ಹೋಗಿ ಎರಡು ರಾತ್ರಿ ಉಳಿಯುವುದು, ದಿನಕ್ಕೆ ಎರಡೇ ಸ್ಥಳ, ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಕೋಣೆಯಲ್ಲಿ ವಿಶ್ರಾಂತಿ. ಶುಕ್ರವಾರ ವಸ್ತುಸಂಗ್ರಹಾಲಯಕ್ಕೆ ರಜೆ ಎಂದು ಆ ದಿನ ತಪ್ಪಿಸಿದೆವು. ಡಾಕ್ಟರನ್ನು ಮೊದಲೇ ಕೇಳಿಕೊಂಡೆವು. ಮಡಚುವ ಕುರ್ಚಿಯೊಂದನ್ನು ಗಾಡಿಯಲ್ಲಿ ಹಾಕಿಕೊಂಡೆವು. ಈ ಕುರ್ಚಿಯಷ್ಟು ಉಪಕಾರಿ ವಸ್ತು ಬೇರೆ ಇಲ್ಲ, ಓದುಗರೇ.

ಗೋಳಗುಮ್ಮಟಕ್ಕೆ ಬೆಳಿಗ್ಗೆ ಬೇಗ ಹೋಗಬೇಕು. ಶಾಲಾ ಮಕ್ಕಳ ಬಸ್ಸುಗಳು ಬಂದವೆಂದರೆ ಪಿಸುಮಾತಿನ ಗ್ಯಾಲರಿ ಸಂತೆಯಾಗುತ್ತದೆ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಸಮಾಧಿ ಇದು. ಗುಮ್ಮಟದ ಹೊರ ಅಡ್ಡಳತೆ ಸುಮಾರು 44 ಮೀಟರ್. ಒಳಗೆ ಒಂದು ಕಂಬವೂ ಇಲ್ಲ. ಒಂದನ್ನೊಂದು ಕತ್ತರಿಸಿ ಹೋಗುವ ಎಂಟು ಕಮಾನುಗಳು ಚೌಕ ಕೋಣೆಯನ್ನು ಮೇಲೆ ಮೇಲೆ ಕಿರಿದು ಮಾಡುತ್ತಾ ಹೋಗಿ ಆ ಭಾರವನ್ನು ಗೋಡೆಗೆ ಇಳಿಸುತ್ತವೆ. ನಾಲ್ಕು ಮೂಲೆಗಳಲ್ಲಿ ಏಳೇಳು ಅಂತಸ್ತಿನ ಗೋಪುರಗಳು. ಗ್ಯಾಲರಿಗೆ ಹೋಗುವುದು ಆ ಗೋಪುರದ ಇಕ್ಕಟ್ಟಾದ, ಎತ್ತರದ ಮೆಟ್ಟಿಲುಗಳಿಂದಲೇ. ಮೊಣಕಾಲು ನೋವಿನವರಿಗೆ ಅದು ಆಗದ ಮಾತು; ಹಟ ಮಾಡಬಾರದು. ಕೆಳಗೆ ಅಷ್ಟು ವಿಶಾಲವಾದ ತಂಪು ಸಭಾಂಗಣ ಇದೆಯಲ್ಲ!

ಅತ್ತೆ ಅಲ್ಲೇ ಕುರ್ಚಿಯಲ್ಲಿ ಕುಳಿತರು, ನಾನು ಜೊತೆಗೆ. "ನೀವ್ ಹತ್ತಿ ಬರ್ರಿ, ನಾ ಇಲ್ಲೇ ಕುಂತು ಮ್ಯಾಲ ನೋಡ್ತೀನಿ" ಎಂದು ಮಗನನ್ನೂ ಮೊಮ್ಮಕ್ಕಳನ್ನೂ ಕಳಿಸಿದರು.

ಅದೇ ಸಂಜೆ ಇಬ್ರಾಹಿಂ ರೋಜಾ. ನನಗೆ ಗುಮ್ಮಟಕ್ಕಿಂತ ಇದೇ ಹಿಡಿಸಿತು. ಗೋಡೆ, ಕಿಟಕಿಗಳ ಮೇಲೆಲ್ಲ ಕಲ್ಲಿನಲ್ಲಿ ಕೊರೆದ ಅಕ್ಷರಗಳು. 1627ರಲ್ಲಿ ತೀರಿಕೊಂಡ ಎರಡನೆಯ ಇಬ್ರಾಹಿಂ ಆದಿಲ್ ಶಾಹ ಸಂಗೀತದ ಹುಚ್ಚಿನವನು. ಅವನು ಬರೆದ ಕಿತಾಬ್-ಎ-ನೌರಸ್‌ನಲ್ಲಿ ಸರಸ್ವತಿಯ ಸ್ತುತಿಯೂ ಇದೆ. ಹಾರ್ಲೆಮ್ ಊರಿನ ಡಚ್ ಚಿತ್ರಕಾರ ಕಾರ್ನೆಲಿಸ್ ಹೆಡಾ ಅವನ ಆಸ್ಥಾನದಲ್ಲಿದ್ದ. ಎಲ್ಲಿಯ ಹಾಲೆಂಡ್, ಎಲ್ಲಿಯ ನಮ್ಮ ಡೋಣಿ ಸೀಮೆ!

ನಮ್ಮ ಸಭೆಯ ಚರಿತ್ರೆಗೂ ಈ ರಾಜಧಾನಿಗೂ ಒಂದು ಗಂಟಿದೆ. ಗೋವೆ ಮೊದಲು ಬಿಜಾಪುರದ ಸುಲ್ತಾನರದು. 1510ರ ನವೆಂಬರ್ 25ರಂದು, ಸಂತ ಕ್ಯಾಥರೀನಳ ಹಬ್ಬದ ದಿನ, ಪೋರ್ಚುಗೀಸರು ಅದನ್ನು ಗೆದ್ದರು. ಹಳೆ ಗೋವೆಯ ಸೆ ಕ್ಯಾಥೆಡ್ರಲ್ ಆ ಸಂತಳ ಹೆಸರಿನಲ್ಲಿರುವುದು ಅದಕ್ಕೇ. ಗೋವೆಗೆ ಯಾತ್ರೆ ಹೋಗುವ ನಾವು ಈ ಕಡೆಯ ಕಥೆಯನ್ನು ಮಕ್ಕಳಿಗೆ ಹೇಳುವುದೇ ಇಲ್ಲ.

ಮರುದಿನ ಮಲಿಕ್-ಎ-ಮೈದಾನ ತೋಪು ನೋಡಿದೆವು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕ. ಬಾಯಿ ಸಿಂಹದ ಮುಖದಂತಿದೆ, ಹಲ್ಲಿನ ನಡುವೆ ಆನೆ. 1854ರಲ್ಲಿ ಇದನ್ನು ಹಳೆ ಲೋಹವೆಂದು ಹರಾಜಿಗಿಟ್ಟಾಗ ಬಂದ ಕೂಗು 150 ರೂಪಾಯಿ. ಪುಣ್ಯಕ್ಕೆ ಮಾರಾಟ ರದ್ದಾಯಿತು. ಎಷ್ಟು ಬಿಸಿಲಿದ್ದರೂ ಈ ತೋಪು ಮುಟ್ಟಿದರೆ ತಣ್ಣಗಿರುತ್ತದೆ ಎಂದು ಹೇಳುತ್ತಾರೆ. ಡಿಸೆಂಬರಿನಲ್ಲಿ ತಣ್ಣಗೇ ಇತ್ತು, ಅದರಲ್ಲೇನು ವಿಶೇಷ! ತಾಜ್ ಬಾವಡಿಯನ್ನು ಮೇಲಿಂದಲೇ ನೋಡಿದೆವು. ಗಗನ ಮಹಲು, ಜಾಮಿಯಾ ಮಸೀದಿ ಇನ್ನೊಮ್ಮೆಗೆ ಉಳಿಸಿಕೊಂಡೆವು. ಆ ಹೊತ್ತು ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಮುಂದೆ ಕುಳಿತು ಕಳೆದದ್ದಕ್ಕೆ ನನಗೆ ಬೇಸರವಿಲ್ಲ. ಶರಬತ್ತಿನ ಹುಡುಗನನ್ನು ಹುಡುಕಿದೆವು. ಚಳಿಗಾಲವಲ್ಲವೆ, ಆ ಜಾಗದಲ್ಲಿ ಕಡಲೆ ಮಾರುವವರಿದ್ದರು.

ಮೊದಲ ದಿನದ ಮಾತು ಪೂರ್ತಿ ಮಾಡಲಿಲ್ಲ. ಮೊಮ್ಮಕ್ಕಳು ಮರಾಠಿ ಶಾಲೆಯವರು, ಅಜ್ಜಿಗೆ ಮನೆಯಲ್ಲಿ "ಆಜಿ" ಎಂದೇ ಕರೆಯುವುದು. ಅಂದು ಗ್ಯಾಲರಿಯ ಕಟ್ಟೆಗೆ ಬಂದವರೇ ಕೆಳಗೆ ಬಗ್ಗಿ, ಯಾರು ಹೇಳಿಕೊಟ್ಟರೋ, "ಅಜ್ಜೀ" ಎಂದು ಕೂಗಿದರು. ಗುಮ್ಮಟ ಅದನ್ನು ಹಿಡಿದು ಮತ್ತೆ ಮತ್ತೆ ಕೂಗಿತು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬೆರಳು ಮಡಚಿ ಎಣಿಸತೊಡಗಿದರು. ಐದರವರೆಗೆ ಬಂದದ್ದು ನನಗೆ ಗೊತ್ತು. ಏಳು ಸಲ ಕೇಳಿತೆಂದು ಅವರು ಈಗಲೂ ವಾದಿಸುತ್ತಾರೆ.