ವನವಿದ್ಯೆಯೂ ಗೃಹಸ್ಥರೂ

ಮಕ್ಕಳ ಮುಂದಿನ ವಿದ್ಯಾಭ್ಯಾಸದ ಪ್ರಸ್ತಾಪ ಬಂದಾಗ ನಮ್ಮ ಗೃಹಸ್ಥರ ಬಾಯಲ್ಲಿ ವೈದ್ಯಕೀಯ, ಎಂಜಿನಿಯರಿಂಗ್ ಎಂಬ ಎರಡು ಹೆಸರುಗಳೇ ಮೊದಲು ಹೊರಡುವುವು. ಮಗನಾಗಲಿ ಮಗಳಾಗಲಿ ಅರಣ್ಯಶಾಸ್ತ್ರವನ್ನು ಓದುವೆನೆಂದರೆ, “ಕಾಡು ಕಾಯುವುದಕ್ಕೆ ಓದೇಕೆ?” ಎಂಬ ಪ್ರಶ್ನೆ ಏಳುವುದು. ನಮ್ಮ ಶಿಷ್ಯರ ತಂದೆತಾಯಿಗಳಿಂದ ಈ ಮಾತನ್ನು ನಾವು ಹಲವು ಸಲ ಕೇಳಿರುವೆವು. ಆದುದರಿಂದ ಆ ಓದಿನಲ್ಲಿ ಏನಿದೆಯೆಂಬುದನ್ನು ವಾಚಕರ ಮುಂದಿಡುವುದು ಉಚಿತವೆಂದು ತೋರಿತು.

ವನವನ್ನು ಬಲ್ಲವರೇ ಅದನ್ನು ನೋಡಿಕೊಳ್ಳಬೇಕೆಂಬುದು ಹೊಸ ಮಾತಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕಾಡಿನ ಉತ್ಪನ್ನಗಳಿಗೆ ಕುಪ್ಯಾಧ್ಯಕ್ಷನೂ, ಆನೆಯ ಕಾಡಿಗೆ ನಾಗವನಾಧ್ಯಕ್ಷನೂ ಉಕ್ತರಾಗಿರುವರು. ಆನೆಗಳು ಮಲಗಿದ ಸ್ಥಳ, ಹೆಜ್ಜೆ, ಲದ್ದಿ, ದಡ ಕೆಡವಿದ ಗುರುತು, ಇವುಗಳಿಂದ ಹಿಂಡಿನ ಪ್ರಮಾಣವನ್ನು ತಿಳಿಯಬೇಕೆಂದು ಅಲ್ಲಿಯೇ ಹೇಳಿದೆ. ಇಂದಿನ ವಿದ್ಯಾರ್ಥಿಯೂ ಗೊತ್ತಾದ ಗೆರೆಯ ಮೇಲೆ ನಡೆದು ಲದ್ದಿಯ ರಾಶಿಗಳನ್ನೆಣಿಸಿ, ಅವು ಎಷ್ಟು ದಿನಗಳಲ್ಲಿ ಕರಗುವುವೆಂಬುದನ್ನು ಲೆಕ್ಕಕ್ಕೆ ಹಿಡಿದು, ಆನೆಗಳ ಸಂಖ್ಯೆಯನ್ನು ಅಂದಾಜು ಮಾಡಲು ಕಲಿಯುವನು. ಹುಲಿಗೆ ಬೇರೆ ಉಪಾಯ. ಒಂದರ ಮೈಪಟ್ಟೆ ಇನ್ನೊಂದರಂತಿಲ್ಲ. ಆದುದರಿಂದ ದಾರಿಯ ಎರಡು ಬದಿಗೂ ಕ್ಯಾಮರಾ ಕಟ್ಟಿ ಒಂದೊಂದನ್ನೂ ಗುರುತಿಸುವರು.

ನಮ್ಮ ದೇಶದಲ್ಲಿ ಈ ವಿದ್ಯೆಗೆ ಡೆಹರಾಡೂನಿನಲ್ಲಿ 1878ರಲ್ಲಿ ಶಾಲೆ ಏರ್ಪಟ್ಟಿತು. ಬಹುಕಾಲ ಇಂಥ ಶಿಕ್ಷಣ ಇಲಾಖೆಯವರಿಗೇ ಮೀಸಲಾಗಿದ್ದಿತು. ಈಗ ಹಾಗಲ್ಲ. ಕರ್ನಾಟಕದಲ್ಲಿಯೇ ಶಿರಸಿಯಲ್ಲಿಯೂ ಕೊಡಗಿನ ಪೊನ್ನಂಪೇಟೆಯಲ್ಲಿಯೂ ಅರಣ್ಯ ಕಾಲೇಜುಗಳಿವೆ. ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನು ಓದಿದವರು ನಾಲ್ಕು ವರ್ಷ ವ್ಯಾಸಂಗ ಮಾಡಿ ಪದವಿಯನ್ನು ಪಡೆಯಬಹುದು.

ಅಲ್ಲಿ ಕಲಿಸುವುದು ಮರದ ಹೆಸರುಗಳನ್ನಷ್ಟೇ ಅಲ್ಲ. ದಿಮ್ಮಿಯ ಅಳತೆಯನ್ನೇ ನೋಡಿರಿ. ಅದರ ನಡುವಿನ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದುದನ್ನು ವರ್ಗಮಾಡಿ, ಉದ್ದದಿಂದ ಗುಣಿಸುವುದು ರೂಢಿಯಲ್ಲಿರುವ ಒಂದು ಕ್ರಮ. ಲೀಲಾವತಿಯನ್ನು ಓದಿದವನು, ವೃತ್ತದ ಕ್ಷೇತ್ರಫಲ ಹೀಗೆ ಬಾರದೆಂದು ಕೂಡಲೇ ಆಕ್ಷೇಪಿಸುವನು. ಆಕ್ಷೇಪ ಸರಿಯೇ. ನಿಜವಾದ ಘನಫಲ 100 ಆದರೆ ಈ ಲೆಕ್ಕದಲ್ಲಿ 78½ ಮಾತ್ರ ಬರುವುದು. ಉಳಿದುದು ಕೊಯ್ಯುವಾಗ ಪೋಲಾಗುವುದಕ್ಕೆ ಬಿಟ್ಟ ಅವಕಾಶವೆಂದು ತಿಳಿಯಬೇಕು. ತೋಟದ ತೇಗವನ್ನು ಮಾರುವ ಗೃಹಸ್ಥನು ಯಾವ ಕ್ರಮದಿಂದ ಅಳೆದರೆಂದು ಕೇಳದೆ ದರವನ್ನೊಪ್ಪಿದರೆ ಐದರಲ್ಲೊಂದು ಪಾಲಿನ ಬೆಲೆಗೆ ಸಂಚಕಾರ!

ಗಂಧದ ಮರದ ವಿಚಾರವಂತೂ ಇನ್ನೂ ಸೂಕ್ಷ್ಮವಾದುದು. ಅದು ಹಸುರೆಲೆಯಿಂದ ತನ್ನ ಅನ್ನವನ್ನು ತಾನೇ ಮಾಡಿಕೊಂಡರೂ, ಬೇರಿನಿಂದ ನೆರೆಯ ಗಿಡದ ಬೇರನ್ನು ಹೊಕ್ಕು ನೀರನ್ನೂ ಲವಣವನ್ನೂ ಹೀರುವುದು. ಆದುದರಿಂದಲೇ ಸಸಿಯ ಜೊತೆಗೆ ತೊಗರಿಯಂಥ ಗಿಡವನ್ನು ಬೆಳೆಸುವರು. 2001ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಸ್ವಂತ ಭೂಮಿಯ ಗಂಧದ ಮರಕ್ಕೆ ಭೂಮಿಯೊಡೆಯನೇ ಒಡೆಯನಾದನು. ಜೊತೆಗಿಡವಿಲ್ಲದೆ ಸಾಲುಸಾಲಾಗಿ ನೆಟ್ಟು, ಸಸಿ ಸೊರಗಿತೆಂದು ದೈವವನ್ನು ದೂರುವ ರೈತನಿಗೆ ಬೇಕಾದವನು ಜೋಯಿಸನಲ್ಲ, ಈ ಶಾಸ್ತ್ರವನ್ನು ಬಲ್ಲ ತರುಣ.

ಕಷ್ಟವನ್ನು ಮರೆಮಾಚುವುದು ನಮಗೆ ಸಮ್ಮತವಲ್ಲ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡ್ಗಿಚ್ಚನ್ನು ಆರಿಸಹೋದ ಅರಣ್ಯರಕ್ಷಕನೊಬ್ಬನು ಮಡಿದನು. ಮರುವರ್ಷ ಮಾರ್ಚಿಯಲ್ಲಿ ನಾಗರಹೊಳೆಯಲ್ಲಿ ಹಿರಿಯ ಅಧಿಕಾರಿಯೊಬ್ಬರು ಆನೆಗೆ ಬಲಿಯಾದರು. ಮನೆಯ ಹಿರಿಯರ ಭಯಕ್ಕೆ ಆಧಾರವಿಲ್ಲವೆಂದು ಹೇಳಲಾರೆವು. ಪದವಿ ಬಂದ ಮಾತ್ರಕ್ಕೆ ಸರಕಾರದ ಹುದ್ದೆ ಬರುವುದೆಂಬ ಭರವಸೆಯೂ ಇಲ್ಲ. ಹುದ್ದೆಗಳು ಸ್ವಲ್ಪ, ಅಪೇಕ್ಷಿಸುವವರು ಬಹಳ. ಸಸಿಮಡಿ, ಪ್ಲೈವುಡ್ ಮತ್ತು ಕಾಗದದ ಕಾರ್ಖಾನೆ, ಸಂಶೋಧನೆ, ಸ್ವಂತ ಕೃಷಿ, ಇವುಗಳಿಗೂ ಸಿದ್ಧವಾಗಿಯೇ ಸೇರಬೇಕು.

ಸೇರಿಸುವ ಮುನ್ನ ಹುದ್ದೆಯ ಸಂಬಳವನ್ನು ವಿಚಾರಿಸುವ ತಂದೆಯು ಮಗಳನ್ನೊಮ್ಮೆ ಮಳೆಗಾಲದಲ್ಲಿ ಶಿರಸಿಯ ಕಡೆಗೆ ಕರೆದುಕೊಂಡು ಹೋಗಲಿ. ಉಂಬಳ ಕಚ್ಚಿದ ಕಾಲನ್ನು ಒರೆಸಿಕೊಂಡು ಅವಳು ಮುಂದಿನ ಮರದ ಹೆಸರನ್ನು ಕೇಳಿದರೆ, ಪ್ರವೇಶಪರೀಕ್ಷೆಯ ಅರ್ಜಿಯನ್ನು ತುಂಬಿಸಬಹುದು.