ನೋವೂ ಸೂಜಿಯೂ

ದೊಡ್ಡಬಳ್ಳಾಪುರದ ಬೀದಿಗಳಲ್ಲಿ ನಡೆದವರಿಗೆ ಮಗ್ಗದ ಸದ್ದು ಹೊಸತಲ್ಲ. ವಿದ್ಯುತ್ ಮಗ್ಗದ ಮುಂದೆ ಗಂಟೆಗಟ್ಟಲೆ ನಿಂತು, ಕಡಿದ ಎಳೆಯನ್ನು ಬಾಗಿ ಬಾಗಿ ಕೂಡಿಸುವ ನೇಕಾರನಿಗೆ ಸೊಂಟನೋವೂ ಹೊಸತಲ್ಲ. ಅವನು ಮುಲಾಮು ಹಚ್ಚಿಸಿಕೊಳ್ಳುತ್ತಾನೆ. ಬಿಸಿ ಉಪ್ಪಿನ ಗಂಟಿನಿಂದ ಶಾಖ ಕೊಡಿಸಿಕೊಳ್ಳುತ್ತಾನೆ. ಅಂಥವನೊಬ್ಬನು ಸೂಜಿಚಿಕಿತ್ಸೆ ಪಡೆದು, “ನೋವು ಇಳಿಯಿತು, ಮನಸ್ಸೂ ಹಗುರವಾಯಿತು” ಎಂದರೆ ನಾವು ಆ ಮಾತನ್ನು ಹೇಗೆ ಗ್ರಹಿಸಬೇಕು?

ಅಕ್ಯುಪಂಕ್ಚರ್ ಎಂಬ ಈ ಚಿಕಿತ್ಸೆಯ ತವರು ಚೀನಾ. ಎರಡು ಸಾವಿರ ವರ್ಷಗಳಷ್ಟು ಹಳೆಯದಾದ ಈ ಪದ್ಧತಿಯನ್ನು 1950ರ ದಶಕದ ಕೊನೆಯಲ್ಲಿ ಭಾರತಕ್ಕೆ ತಂದವರು ಡಾ. ಕೋಟ್ನೀಸರ ಸಂಗಡಿಗರಾಗಿದ್ದ ಕಲ್ಕತ್ತೆಯ ಡಾ. ಬಿಜೊಯ್ ಕುಮಾರ್ ಬಸು. ‘ಚೀ’ ಎಂಬ ಜೀವಶಕ್ತಿ ದೇಹದ ನಿರ್ದಿಷ್ಟ ಮಾರ್ಗಗಳಲ್ಲಿ ಹರಿಯುವುದೆಂದೂ, ತಕ್ಕ ಬಿಂದುಗಳಲ್ಲಿ ತೆಳುವಾದ ಸೂಜಿ ಚುಚ್ಚಿದರೆ ಅದರ ತಡೆ ನಿವಾರಣೆಯಾಗುವುದೆಂದೂ ಹಿಂದಿನವರ ಕಲ್ಪನೆ. ಅಂಗರಚನಾಶಾಸ್ತ್ರಕ್ಕೆ ಇಂಥ ಮಾರ್ಗಗಳು ಕಂಡುಬಂದಿಲ್ಲ. ಆದರೆ ವಿವರಣೆ ತಪ್ಪೆಂದ ಮಾತ್ರಕ್ಕೆ ಅನುಭವವೂ ಸುಳ್ಳೆನ್ನಲಾಗದು.

ನೋವೆಂಬುದು ಗಾಯದಲ್ಲಿ ಹುಟ್ಟಿ ನೇರವಾಗಿ ಮಿದುಳಿಗೆ ತಲಪುವ ತಂತಿಸಂದೇಶವಲ್ಲ. ಎಡವಿದ ಕಾಲನ್ನು ನಾವು ಥಟ್ಟನೆ ಉಜ್ಜಿಕೊಳ್ಳುತ್ತೇವಷ್ಟೆ. ಅದರಿಂದ ನೋವು ಕಡಮೆಯಾಗುವುದೇಕೆ? ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ಇದಕ್ಕೊಂದು ಉತ್ತರ ಕೊಟ್ಟರು. ಬೆನ್ನುಹುರಿಯಲ್ಲಿ ಬಾಗಿಲಿನಂಥ ಏರ್ಪಾಟೊಂದಿದೆ. ಸ್ಪರ್ಶವನ್ನು ಒಯ್ಯುವ ದಪ್ಪ ನರತಂತುಗಳು ಚುರುಕಾದಾಗ, ನೋವನ್ನು ಒಯ್ಯುವ ಸಣ್ಣ ತಂತುಗಳಿಗೆ ಆ ಬಾಗಿಲು ಅರೆ ಮುಚ್ಚುತ್ತದೆ. ಮಿದುಳೂ ಮೇಲಿನಿಂದ ಅದನ್ನು ಮುಚ್ಚಬಲ್ಲದು. ಮುಂದೆ 1975ರಲ್ಲಿ ಸ್ಕಾಟ್ಲೆಂಡಿನ ಹ್ಯೂಸ್ ಮತ್ತು ಕಾಸ್ಟರ್‌ಲಿಟ್ಸ್, ಹಂದಿಯ ಮಿದುಳಿನಲ್ಲಿ ಅಫೀಮಿನಂತೆ ವರ್ತಿಸುವ ವಸ್ತುಗಳನ್ನು ಕಂಡುಹಿಡಿದರು. ನಮ್ಮ ದೇಹದಲ್ಲಿಯೂ ಇಂಥ ನೋವುಶಾಮಕಗಳು ತಯಾರಾಗುತ್ತವೆ.

ಇನ್ನೊಂದು ಸೋಜಿಗವನ್ನು ನೋಡಿ. ಅಮೆರಿಕದಲ್ಲಿ 1978ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ದವಡೆಹಲ್ಲು ಕೀಳಿಸಿಕೊಂಡವರಿಗೆ ಮದ್ದಿಲ್ಲದ ದ್ರವವನ್ನು ಕೊಡಲಾಯಿತು. ಕೆಲವರಿಗೆ ನೋವು ತಗ್ಗಿತು. ಅಫೀಮಿನ ಗುಣವನ್ನು ತಡೆಯುವ ನಲೊಕ್ಸೋನನ್ನು ಅವರಿಗೆ ಕೊಟ್ಟಾಗ ನೋವು ಮತ್ತೆ ಏರಿತು. ಎಂದರೆ, ನಂಬಿಕೆಯಿಂದ ಬಂದ ಉಪಶಮನವೂ ಬರಿಯ ಭ್ರಮೆಯಲ್ಲ. ಅದಕ್ಕೂ ದೇಹದಲ್ಲಿ ಆಧಾರವಿದೆ.

ಹಾಗಾದರೆ ನೇಕಾರನ ನೋವನ್ನು ಇಳಿಸಿದ್ದು ಸೂಜಿಯೆ, ನಂಬಿಕೆಯೆ, ವಿಶ್ರಾಂತಿಯೆ? ಸೊಂಟನೋವಿಗೆ ಏರಿಳಿತ ಸಹಜ. ನೋವು ಮಿತಿಮೀರಿದಾಗಲೇ ಜನ ಚಿಕಿತ್ಸೆಗೆ ಹೋಗುವರು. ಅನಂತರ ಅದು ತಾನಾಗಿಯೇ ಇಳಿಯುವುದೂ ಉಂಟು. ಒಬ್ಬನ ಅನುಭವದಿಂದ ಇವುಗಳನ್ನು ಬೇರ್ಪಡಿಸಲಾಗದು. ಅದಕ್ಕೆ ಹೋಲಿಕೆ ಬೇಕು.

ಅಂಥ ಹೋಲಿಕೆ ಜರ್ಮನಿಯಲ್ಲಿ ನಡೆಯಿತು. ಬಹುಕಾಲದ ಸೊಂಟನೋವಿದ್ದ 1,162 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಶಾಸ್ತ್ರೋಕ್ತ ಬಿಂದುಗಳಲ್ಲಿ ಸೂಜಿ. ಎರಡನೆಯದಕ್ಕೆ ಬಿಂದುಗಳಲ್ಲದ ಕಡೆ ಮೇಲುಮೇಲೆ ಚುಚ್ಚಿದ ಸೂಜಿ. ಮೂರನೆಯದಕ್ಕೆ ಔಷಧ, ವ್ಯಾಯಾಮ ಮೊದಲಾದ ವಾಡಿಕೆಯ ಚಿಕಿತ್ಸೆ. ಆರು ತಿಂಗಳ ಬಳಿಕ ಗುಣ ಕಂಡವರು ಕ್ರಮವಾಗಿ ನೂರಕ್ಕೆ 47.6, 44.2 ಮತ್ತು 27.4. ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಸೂಜಿ ಚುಚ್ಚಿಸಿಕೊಂಡವರಿಗೆ ಹೆಚ್ಚು ಗುಣವಾಯಿತು, ನಿಜ. ಆದರೆ ಎಲ್ಲಿ ಚುಚ್ಚಿದರೆಂಬುದರಿಂದ ಹೆಚ್ಚು ಅಂತರವಾಗಲಿಲ್ಲ. ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ನಿಜವಾದ ಸೂಜಿಗೂ ತೋರಿಕೆಯ ಸೂಜಿಗೂ ಇರುವ ಅಂತರ ಚಿಕ್ಕದೇ.

ಮನಸ್ಸು ಹಗುರವಾದುದೂ ಅಚ್ಚರಿಯಲ್ಲ. ನೋವು ನಿದ್ದೆಯನ್ನು ಕೆಡಿಸುತ್ತದೆ, ನಿದ್ದೆಗೆಟ್ಟವನಿಗೆ ನೋವು ಇಮ್ಮಡಿಸುತ್ತದೆ. ಈ ಸುತ್ತು ಎಲ್ಲಿ ಮುರಿದರೂ ನೆಮ್ಮದಿಯೆ. ಆದರೆ ವಾರಗಟ್ಟಲೆ ಬಿಡದ ದುಗುಡಕ್ಕೆ ಸೂಜಿಯೊಂದನ್ನೇ ನೆಚ್ಚದೆ ವೈದ್ಯರನ್ನು ಕಾಣಬೇಕು. ಸೊಂಟನೋವಿನೊಡನೆ ಕಾಲು ಜೋಮುಹಿಡಿದರೆ, ಜ್ವರ ಬಂದರೆ, ಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸೂಜಿ ಚುಚ್ಚಿಸಿಕೊಳ್ಳುವವರು, ಅದು ಕ್ರಿಮಿಶುದ್ಧವಾದ ಹೊಸ ಸೂಜಿಯೆ, ಚುಚ್ಚುವವರು ತರಬೇತಿ ಪಡೆದವರೆ ಎಂದು ವಿಚಾರಿಸಬೇಕು. ಎದೆಯ ಬಳಿ ಆಳಕ್ಕಿಳಿದ ಸೂಜಿ ಶ್ವಾಸಕೋಶಕ್ಕೆ ತಾಗಿದ ಉದಾಹರಣೆಗಳು ವಿರಳವಾದರೂ ಇವೆ.

‘ನನಗೆ ಗುಣವಾಯಿತು’ ಎಂಬುದು ರೋಗಿಯ ಪ್ರಾಮಾಣಿಕ ಸಾಕ್ಷ್ಯ. ‘ಯಾವುದರಿಂದ ಗುಣವಾಯಿತು’ ಎಂಬುದು ವಿಜ್ಞಾನದ ಪ್ರಶ್ನೆ. ಮೊದಲನೆಯದನ್ನು ಗೌರವಿಸಿ, ಎರಡನೆಯದನ್ನು ಕೇಳುವುದೇ ವಿದ್ಯಾರ್ಥಿಗೆ ತಕ್ಕ ದಾರಿ.