ಚಂಡಮಾರುತದ ಜಾಡು ಹಿಡಿಯುವವರು

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ದಡ ಹತ್ತಿದ್ದು ಗುಜರಾತಿನಲ್ಲಿ. ಅದರ ಕೇಂದ್ರ ಕರ್ನಾಟಕದ ನೆಲ ಮುಟ್ಟಲೇ ಇಲ್ಲ. ಆದರೂ ಉಳ್ಳಾಲದಲ್ಲಿ ಕಡಲ್ಕೊರೆತ ಜೋರಾಯಿತು, ಪಡುಬಿದ್ರಿಯಲ್ಲಿ ಟಗ್ ಮಗುಚಿತು, ಕಾಪು ಬಳಿ ಬಂಡೆಗೆ ಸಿಕ್ಕಿಕೊಂಡ ಇನ್ನೊಂದು ಟಗ್‌ನಿಂದ 9 ಮಂದಿಯನ್ನು ಪಾರು ಮಾಡಬೇಕಾಯಿತು.

ಇಂಥ ಚಂಡಮಾರುತಗಳ ಬೆನ್ನು ಹತ್ತುವ ಕೆಲಸ ದೆಹಲಿಯಲ್ಲಿರುವ ಭಾರತೀಯ ಹವಾಮಾನ ಇಲಾಖೆಯ ಕೇಂದ್ರದ್ದು. ಬಂಗಾಳ ಕೊಲ್ಲಿ, ಅರಬ್ಬಿ ಸಮುದ್ರ ಎರಡೂ ಅದರ ಕಾವಲಿನಲ್ಲಿವೆ. ಅದರ ಮಾಹಿತಿ 13 ದೇಶಗಳಿಗೆ ಹೋಗುತ್ತದೆ. ವಾಯುಭಾರ ಕುಸಿತ ಬಲಗೊಂಡು ಗಾಳಿ ಗಂಟೆಗೆ 62 ಕಿ.ಮೀ. ಮುಟ್ಟಿದರೆ ಅದು ಚಂಡಮಾರುತ, ಹೆಸರಿಡುವುದು ಆಗಲೇ. ಆ ದೇಶಗಳು ಮೊದಲೇ ಕೊಟ್ಟ ಪಟ್ಟಿಯಿಂದ ಸರದಿಯ ಹೆಸರು ಬರುತ್ತದೆ. ತೌಕ್ತೆ ಮ್ಯಾನ್ಮಾರ್ ಕೊಟ್ಟದ್ದು.

ನಡುಗಡಲಲ್ಲಿ ಗಾಳಿಯ ವೇಗ ಅಳೆಯುವುದು ಹೇಗೆ? ಅಟ್ಲಾಂಟಿಕ್‌ನಲ್ಲಿ ಅಮೆರಿಕದವರು ಚಂಡಮಾರುತದೊಳಕ್ಕೆ ವಿಮಾನವನ್ನೇ ನುಗ್ಗಿಸುತ್ತಾರೆ. ನಮ್ಮಲ್ಲಿ ಮುಖ್ಯ ಆಧಾರ ಇನ್ಸಾಟ್ ಉಪಗ್ರಹಗಳ ಚಿತ್ರ. ಉಪಗ್ರಹ ಚಿತ್ರಗಳನ್ನು ಓದುವ ಬಗೆಯನ್ನು 1970ರ ದಶಕದಲ್ಲಿ ರೂಪಿಸಿದವರು ಅಮೆರಿಕದ ವರ್ನನ್ ಡ್ವೊರಾಕ್. ಮೋಡದ ಪಟ್ಟಿ ಕೇಂದ್ರದ ಸುತ್ತ ಎಷ್ಟು ಬಳಸಿದೆ ಎಂದು ಮೊದಲು ನೋಡುತ್ತಾರೆ. ನಟ್ಟನಡುವೆ ಮೋಡ ತೆರವಾದ 'ಕಣ್ಣು' ಮೂಡಿದ್ದರೆ ಇನ್ನೊಂದು ಲೆಕ್ಕ: ಇನ್‌ಫ್ರಾರೆಡ್ ಚಿತ್ರದಲ್ಲಿ ಕಣ್ಣು ಬೆಚ್ಚಗಿದ್ದು ಸುತ್ತಲಿನ ಮೋಡ ತಣ್ಣಗಿದ್ದಷ್ಟೂ ಬಿರುಗಾಳಿ ಬಲವಾದದ್ದು. 1ರಿಂದ 8ರವರೆಗೆ ಅರ್ಧರ್ಧ ಏರುವ 'ಟಿ' ಅಂಕ ಕೊಟ್ಟು, ಅದರಿಂದ ಗಾಳಿಯ ವೇಗ ಅಂದಾಜು ಮಾಡುತ್ತಾರೆ. ಕಂಪ್ಯೂಟರ್ ಬಂದಮೇಲೂ ಪಳಗಿದ ಕಣ್ಣಿನ ಬೆಲೆ ಇಳಿದಿಲ್ಲ.

ಬಲ ತಿಳಿದರೆ ಸಾಲದು, ದಾರಿಯೂ ಗೊತ್ತಾಗಬೇಕು. ಹೊಳೆಯಲ್ಲಿ ಬಿದ್ದ ತೆಂಗಿನಕಾಯಿಯಂತೆ ಚಂಡಮಾರುತ ತನ್ನ ಸುತ್ತಲಿನ ಗಾಳಿಯ ಹರಿವಿನ ಜೊತೆ ಸಾಗುತ್ತದೆ. ಆ ಹರಿವನ್ನು ಒಂದೊಂದು ಗಣಿತ ಮಾದರಿಯೂ ಒಂದೊಂದು ಬಗೆಯಲ್ಲಿ ಲೆಕ್ಕ ಹಾಕುತ್ತದೆ. ಎಲ್ಲವನ್ನೂ ತೂಗಿ ನೋಡಿ ತಜ್ಞರು ಒಂದು ಗೆರೆ ಎಳೆದು, ಅದರ ಎರಡೂ ಬದಿಗೆ ದಿನ ಕಳೆದಂತೆ ಅಗಲವಾಗುವ ಶಂಕುವಿನ ಚಿತ್ರ ಸೇರಿಸುತ್ತಾರೆ. ದೂರದ ದಿನಗಳ ಅಂದಾಜಿನಲ್ಲಿ ತಪ್ಪು ಹೆಚ್ಚು, ಆದ್ದರಿಂದ ಆ ಅಗಲ.

ಎಡವಟ್ಟಾಗುವುದು ಇಲ್ಲೇ. ಶಂಕು ಹೇಳುವುದು ಕೇಂದ್ರ ಎಲ್ಲೆಲ್ಲಿ ಸಾಗಬಹುದು ಎಂಬುದನ್ನು ಮಾತ್ರ. ಮಳೆ, ಗಾಳಿ, ಅಲೆಗಳ ಹಾವಳಿ ಅದರಾಚೆಗೂ ಚಾಚಿಕೊಂಡಿರುತ್ತದೆ. ತೌಕ್ತೆ ಕರಾವಳಿಗೆ ತೋರಿಸಿದ್ದು ಅದನ್ನೇ.

ಸರಿಯಾದ ಮುನ್ಸೂಚನೆ ಜನರನ್ನು ತಲುಪಿದರೆ ಏನಾಗುತ್ತದೆ ಎಂಬುದಕ್ಕೆ ಒಡಿಶಾ ಸಾಕ್ಷಿ. 1999ರ ಸೂಪರ್ ಸೈಕ್ಲೋನ್ ಸುಮಾರು 10,000 ಜೀವ ತೆಗೆಯಿತು. 2013ರಲ್ಲಿ ಫೈಲಿನ್ ಗೋಪಾಲಪುರದ ಬಳಿ ಅಪ್ಪಳಿಸುವ ಹೊತ್ತಿಗೆ ಲಕ್ಷಾಂತರ ಜನರನ್ನು ಮೊದಲೇ ಸ್ಥಳಾಂತರಿಸಲಾಗಿತ್ತು. ಸಾವು 50 ದಾಟಲಿಲ್ಲ.

ಹಾಗಾಗಿ ಚಂಡಮಾರುತದ ಸುದ್ದಿ ಬಂದಾಗ ಅದು ಎಲ್ಲಿ ದಡ ಹತ್ತುತ್ತದೆ ಎಂದಷ್ಟೇ ಕೇಳಿ ಸುಮ್ಮನಾಗಬಾರದು. ನಮ್ಮ ಜಿಲ್ಲೆಯಲ್ಲಿ ಗಾಳಿ ಎಷ್ಟು, ಅಲೆ ಎಷ್ಟು ಎತ್ತರ, ಬೋಟು ಯಾವಾಗ ದಡಕ್ಕೆ ಮರಳಬೇಕು ಎಂಬುದು ಹವಾಮಾನ ಇಲಾಖೆಯ ಪ್ರಕಟಣೆಯ ಕೆಳಗಿನ ಸಾಲುಗಳಲ್ಲಿರುತ್ತದೆ.